ಕಷ್ಟದಲ್ಲಿ ಬಂದ ಕರೆ ಸುಖದಲ್ಲಿ ಮಂಕಾಗಿದೆ, ಸಹಾಯ ಬೇಕು

ಸಹೋದರ ಸಹೋದರಿಯರಿಗೆ ವಂದನೆಗಳು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಅಪ್ಪ ಐಸಿಯುನಲ್ಲಿದ್ದರು. ಆಸ್ಪತ್ರೆ ಗೇಟಿನ ಹೊರಗೆ ಕಾಯುವಾಗ ಬೇರೆ ರೋಗಿಗಳ ಮನೆಯವರ ಜೊತೆ ಮಾತಾಡುತ್ತಿದ್ದೆ, ಕೇಳಿದವರಿಗಾಗಿ ಪ್ರಾರ್ಥಿಸುತ್ತಿದ್ದೆ. ದೇವರು ನನ್ನನ್ನು ಕರೆದಿರುವುದು ಇದಕ್ಕೇ ಅಂತ ಬಲವಾಗಿ ಅನಿಸಿತು. ಅಪ್ಪ ಹುಷಾರಾದರು. ಈಗ ಬೆಂಗಳೂರಿನಲ್ಲಿ ಒಳ್ಳೆ ಕೆಲಸ, ಇಎಂಐ, ಮಗುವಿನ ಶಾಲೆ. ಆ ಕರೆ ಮಂಕಾಗಿದೆ, ಆದರೆ ಪೂರ್ತಿ ಹೋಗಿಲ್ಲ.

ಉಪವಾಸ ಪ್ರಾರ್ಥನೆ ಮಾಡಿದೆ. ನಮ್ಮ ಚರ್ಚಿನ ಅಯ್ಯನವರು (ಪಾಸ್ಟರ್) "ಕಾಯಿರಿ" ಅಂದರು. ಎಲ್ಲಿಯವರೆಗೆ ಅಂತ ಹೇಳಲಿಲ್ಲ! ಹೆಂಡತಿ "ಭಯದಲ್ಲಿ ಅನಿಸಿದ್ದೆಲ್ಲ ದೇವರ ಮಾತಲ್ಲ" ಅನ್ನುತ್ತಾಳೆ. ಅದೂ ಸರಿಯೇ ಇರಬಹುದು.

ಬೈಬಲ್ ತೆರೆದರೆ ಗೊಂದಲ ಇನ್ನೂ ಜಾಸ್ತಿ. ಎಲೀಷನಿಗೆ ಹೊಲ ಉಳುತ್ತಿದ್ದಾಗ ಪ್ರವಾದಿಯಾಗುವ ಕರೆ ಬಂತು. ಎತ್ತು ಕೊಯ್ದು, ನೊಗದ ಕಟ್ಟಿಗೆಯಲ್ಲೇ ಬೇಯಿಸಿ, ಜನರಿಗೆ ಊಟ ಹಾಕಿ ಹೊರಟೇಬಿಟ್ಟ. ನೆಹೆಮೀಯ ಹಾಗಲ್ಲ. ಅರಮನೆಯಲ್ಲಿ ರಾಜನಿಗೆ ದ್ರಾಕ್ಷಾರಸ ಕೊಡುವ ಕೆಲಸ. ಯೆರೂಸಲೇಮಿನ ಗೋಡೆ ಬಿದ್ದ ಸುದ್ದಿ ಕೇಳಿ ಅತ್ತ, ಆದರೂ ಸುಮಾರು ನಾಲ್ಕು ತಿಂಗಳು ಪ್ರಾರ್ಥಿಸುತ್ತಾ ಕೆಲಸದಲ್ಲೇ ಇದ್ದ. ಆಮೇಲೆ ಅದನ್ನು ಮತ್ತೆ ಕಟ್ಟಲು ಹೋಗಬೇಕು, ಇಷ್ಟು ದಿನ ಬೇಕು ಅಂತ ಹೇಳಿ ರಾಜನಿಂದ ಅಪ್ಪಣೆ ಪಡೆದ. ಒಂಥರಾ ರಜೆ ಅರ್ಜಿ, ಅಲ್ವಾ?

ನನಗೆ ತಿಳಿಯದಿರುವುದು ಇಷ್ಟೇ: ಆಗ ಕೇಳಿಸಿದ್ದು ನನ್ನ ಭಯವಾ, ಅಥವಾ ಈಗ ಕೇಳಿಸದಂತೆ ಮಾಡಿರುವುದು ಈ ಸುಖವಾ? ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ, ಕರೆ ನಿಜ ಅಂತ ಯಾವುದರಿಂದ ಗೊತ್ತಾಯಿತು? ಕೆಲಸ ಬಿಟ್ಟು ಆಸ್ಪತ್ರೆ ಸೇವೆಯ ತರಬೇತಿಗೆ ಸೇರಿದಿರಾ, ಇಲ್ಲ ಕೆಲಸದ ಜೊತೆಗೇ ಭಾನುವಾರ ಮಾತ್ರ ರೋಗಿಗಳನ್ನು ನೋಡಲು ಹೋಗಿ ಶುರು ಮಾಡಿದಿರಾ?