ಕೈಗೆ ದುಡ್ಡು ಕೊಡೋದಾ, ಕ್ಯಾಂಪಿನ ಕುರ್ಚಿ ಕೊಡೋದಾ?

ಲೆಕ್ಕದಪುಸ್ತಕ (ಮಾಟುಂಗಾ): ಅಂಗವಿಕಲರ ಹೆಸರಲ್ಲಿ ಖರ್ಚಾಗೋ ದುಡ್ಡನ್ನ ಅವರ ಕೈಗೇ ಕೊಡಿ. ಯಾರನ್ನ ಸಹಾಯಕ್ಕೆ ಇಟ್ಕೋಬೇಕು, ಏನು ಕೊಳ್ಳಬೇಕು, ಅವರೇ ತೀರ್ಮಾನಿಸಲಿ. ಬ್ರಿಟನ್ 1996ರಲ್ಲೇ ಇದಕ್ಕೆ ಕಾಯ್ದೆ ಮಾಡಿತು. ಆಸ್ಟ್ರೇಲಿಯಾದ ಎನ್‌ಡಿಐಎಸ್, ಅಂದ್ರೆ ಅಂಗವಿಕಲರ ರಾಷ್ಟ್ರೀಯ ನೆರವಿನ ಯೋಜನೆ, 2013ರಲ್ಲಿ ಶುರುವಾಯ್ತು. ಅಲ್ಲಿ ಲೆಕ್ಕ ನೀವೇ ನೋಡ್ಕೋಬಹುದು, ಪ್ಲಾನ್ ಮ್ಯಾನೇಜರ್‌ಗೆ ಬಿಡಬಹುದು, ಯೋಜನೆ ನಡೆಸೋ ಸರ್ಕಾರಿ ಏಜೆನ್ಸಿಗೇ ಒಪ್ಪಿಸಬಹುದು. ನಮ್ಮಲ್ಲಿ? ಅಂಗವಿಕಲರಿಗೆ ಉಪಕರಣ ಕೊಡೋ ಕೇಂದ್ರದ ಅಡಿಪ್ ಯೋಜನೆಯ ಕ್ಯಾಂಪಿಗೆ ಬನ್ನಿ, ಸಾಲಲ್ಲಿ ನಿಲ್ಲಿ, ಸೀಟು 18 ಇಂಚು ಅಗಲದ ಗಾಲಿಕುರ್ಚಿ ತಗೊಳ್ಳಿ, ಫೋಟೋಗೆ ನಗಿ.

ಜೋಳದರೊಟ್ಟಿ (ಪುಣೆ): "ಅವರೇ ತೀರ್ಮಾನಿಸಲಿ" ಅಂತೀರಿ, ಯಾವ ದುಡ್ಡಿನ್ಯಾಗ್ರಿ? ಮಹಾರಾಷ್ಟ್ರದ ಸಂಜಯ್ ಗಾಂಧಿ ನಿರಾಧಾರ ಯೋಜನಾದಾಗ ತಿಂಗಳಿಗೆ 1,500 ರೂಪಾಯಿ ಇತ್ತು, 2025ರಾಗ ಅಂಗವಿಕಲರಿಗೆ 2,500 ಮಾಡ್ಯಾರ. ಆಳು ಕಳಸೋ ಬ್ಯೂರೋದಿಂದ 12 ತಾಸಿಗೆ ಮಾವಶಿ (ಆರೈಕೆ ಮಾಡೋ ಹೆಣ್ಮಗಳು) ಕರಸ್ರಿ, ದಿನಕ್ಕ 800 ಅಂತ ಹಿಡೀರಿ, ಮೂರು ದಿನಕ್ಕ ಖಾಲಿ. ನಾಲ್ಕನೇ ದಿನ ಮಗ್ಗಲು ಹೊರಳಿಸೋರು ಯಾರು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 24ನೇ ಕಲಮಿನಾಗ ಆರೈಕೆದಾರರ ಭತ್ಯೆ ಐತಿ ಖರೆ. ಅದ ಕಲಮಿನಾಗ "ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ" ಅಂತ ಕಿಂಡೀನೂ ಬಿಟ್ಟಾರ.

ನೇತ್ರಾವತಿ (ಕಾಂದಿವಲಿ): 18 ಇಂಚು ಅಂತ ಸುಮ್ಮನೆ ಹೇಳ್ಬೇಡಿ ಮಾರಾಯ್ರೆ. ಅಡಿಪ್‌ನಲ್ಲಿ ಮೊದಲು ತಪಾಸಣಾ ಕ್ಯಾಂಪ್, ಆಮೇಲೆ ವಿತರಣೆ. ಅಳತೆ ತೆಗೆಯುವ ಪದ್ಧತಿ ಉಂಟು. ದುಡ್ಡು ಕೈಗೆ ಕೊಟ್ರೆ ಜನ ಸೀದಾ ಸರ್ಜಿಕಲ್ ಅಂಗಡಿಗೆ ಹೋಗಿ ಅದೇ 18 ಇಂಚಿನದ್ದು ತರ್ತಾರೆ.

ಲೆಕ್ಕದಪುಸ್ತಕ: "ಪದ್ಧತಿ ಉಂಟು"! ತಪಾಸಣೆ ಒಂದು ದಿನ, ವಿತರಣೆ ತಿಂಗಳುಗಳ ಮೇಲೆ. ಬೆಳೆಯೋ ಮಗುವಿನ ಸೊಂಟ ಅಲ್ಲೀತನಕ ಕಾಯುತ್ತಾ? ಸೀಟು 18 ಇಂಚು ಅಂದ್ರೆ ಚಕ್ರ, ಅದನ್ನ ಕೈಲಿ ತಳ್ಳೋ ಬಳೆ ಎಲ್ಲ ಸೇರಿ ಹೊರಗಿನ ಅಗಲ ಸುಮಾರು 26. ಚಾಳಿನ ಬಚ್ಚಲ ಬಾಗಿಲು 24. ಕುರ್ಚಿ ಹೊರಗೆ, ಮನುಷ್ಯ ತೆವಳಿಕೊಂಡು ಒಳಗೆ.

ಗಾಲಿತಂತ್ರ (ಠಾಣೆ): 24 ಕೂಡ ಸಿಗಲ್ಲ. ಕದ ತೆರೆದಾಗ ಅದರ ದಪ್ಪ, ಚಿಲಕ ಸೇರಿ ಒಂದೂವರೆ ಇಂಚು ತಿನ್ನುತ್ತೆ. ಸೊಂಟ ಅಳೆಯೋದು ಸುಲಭ: ಗಟ್ಟಿ ಸ್ಟೂಲ್ ಮೇಲೆ ಕೂರಿಸಿ, ಎರಡೂ ಪಕ್ಕ ದಪ್ಪ ಪುಸ್ತಕ ನೆಟ್ಟಗೆ ಒತ್ತಿ ಹಿಡಿದು, ನಡುವಿನ ಅಂತರಕ್ಕೆ ಒಂದು ಇಂಚು ಸೇರಿಸಿ, ಅದೇ ಸೀಟಿನ ಅಗಲ. ಸೀಟಿನ ಆಳಕ್ಕೆ ಬೆನ್ನಿಂದ ಮಂಡಿಯ ಹಿಂಬದಿವರೆಗೆ ಅಳೆದು ಎರಡು ಇಂಚು ಕಳೆಯಿರಿ. ಸೀಟಿನ ಆಳ ಜಾಸ್ತಿಯಾದ್ರೆ ಮೈ ಮುಂದಕ್ಕೆ ಜಾರಿ ಬಾಲದ ಮೂಳೆ ಮೇಲೆ ಭಾರ ಬೀಳುತ್ತೆ, ಅಲ್ಲೇ ಹುಣ್ಣು.

ನೇತ್ರಾವತಿ: ಒಂದು ಇಂಚಾ? ಎರಡು ಬೇಕು. ಕಾಲಿಗೆ ಬ್ರೇಸ್ ಹಾಕುವವರು ಎಂತ ಮಾಡ್ಬೇಕು?

ಗಾಲಿತಂತ್ರ: ಬ್ರೇಸ್ ಹಾಕಿಯೇ ಅಳೀಬೇಕು ಅಕ್ಕ. ಸೀಟು ಅಗಲವಾದ್ರೆ ಮೈ ಒಂದು ಕಡೆ ವಾಲುತ್ತೆ, ಚಕ್ರ ತಳ್ಳೋಕೆ ತೋಳು ಹೊರಕ್ಕೆ ಚಾಚಬೇಕು, ಭುಜ ಸವೆಯುತ್ತೆ. ಇನ್ನು ಮೆತ್ತೆ. 3 ಇಂಚಿನದ್ದು ಹಾಕಿದ್ರೆ ಫುಟ್‌ರೆಸ್ಟೂ ಅಷ್ಟೇ ಮೇಲೆ ಏರಬೇಕು, ಇಲ್ಲಾಂದ್ರೆ ಕಾಲು ಜೋತುಬೀಳುತ್ತೆ. ಗಾಳಿಮೆತ್ತೆಯನ್ನ ಗಟ್ಟಿಯಾಗಿ ಊದೋರೇ ಜಾಸ್ತಿ. ಕೂತ ಮೇಲೆ ಕುಂಡಿಯ ಮೂಳೆ ಕೆಳಗೆ ಕೈ ತೂರಿಸಿ ನೋಡಿ: ಮೂಳೆಗೂ ತಳಕ್ಕೂ ನಡುವೆ ಅರ್ಧದಿಂದ ಒಂದು ಇಂಚು ಗಾಳಿ ಉಳಿದಿರಬೇಕು, ಅಷ್ಟೇ.

ನೇತ್ರಾವತಿ: ನೋಡಿ, ಇಷ್ಟೆಲ್ಲ ಗೊತ್ತಿರುವವರು ಬೇಕು ಅಂತಲೇ ನಾನೂ ಹೇಳಿದ್ದು. ದುಡ್ಡು ಕೈಗೆ ಹಾಕಿದ ಮಾತ್ರಕ್ಕೆ ಬುದ್ಧಿ ಬರ್ತದಾ?

ಲೆಕ್ಕದಪುಸ್ತಕ: "ಬುದ್ಧಿ"! ಕ್ಯಾಂಪಲ್ಲಿ ಕೂತ ಸಾಹೇಬರಿಗೆ ಬುದ್ಧಿ ಇದೆ, ಅದೇ ಕುರ್ಚಿಯಲ್ಲಿ ದಿನಕ್ಕೆ ಹತ್ತು ಗಂಟೆ ಕೂರೋರಿಗೆ ಇಲ್ಲ, ಹಾಗೇನಾ? ನಾಚಿಕೆ ಆಗಬೇಕು.

ನೇತ್ರಾವತಿ: ನಾನು ಹಾಗೆ ಹೇಳ್ಲಿಲ್ಲ. ಬಾಯಿಗೆ ಬಂದದ್ದು ಬರೀಬೇಡಿ.

ಬೈನಾಬಯಲು (ವಾಸ್ಕೊ): ಇಂಚುಪಟ್ಟಿ ಸ್ವಲ್ಪ ಕೆಳಗಿಡಿ. 18 ವರ್ಷ ತುಂಬಿದ ಬೌದ್ಧಿಕ ಅಂಗವೈಕಲ್ಯದವರ ಬ್ಯಾಂಕ್ ಖಾತೆ ಯಾರು ನಡೆಸೋದು? ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರದ್ದು, ಸ್ಥಳೀಯ ಸಮಿತಿಯಿಂದ ಪಾಲಕತ್ವದ ಪ್ರಮಾಣಪತ್ರ ಕೊಡಿಸುತ್ತೆ. ಆಮೇಲೆ ಸಹಿ ಪಾಲಕರದ್ದೇ. "ಅವರೇ ತೀರ್ಮಾನಿಸಲಿ" ಎಲ್ಲಿ ಉಳೀತು? ಗೋವಾದಲ್ಲಂತೂ ದಯಾನಂದ ಪಿಂಚಣಿ ಯೋಜನೆಗೆ 15 ವರ್ಷ ವಾಸದ ಪುರಾವೆ ಬೇಕು, ಹೊರಗಿಂದ ಬಂದ ನಮ್ಮ ಕನ್ನಡದವರು ಅಲ್ಲೇ ಮುಗ್ಗರಿಸ್ತಾರೆ.

ಲೆಕ್ಕದಪುಸ್ತಕ: "ಸಹಿ ಪಾಲಕರದ್ದೇ" ಅಲ್ಲ. 2016ರ ಕಾಯ್ದೆಯ 14ನೇ ಕಲಂ ಓದಿ. ಸೀಮಿತ ಪಾಲಕತ್ವ ಅಂದ್ರೆ ಇಬ್ಬರೂ ಸೇರಿ ಮಾಡೋ ತೀರ್ಮಾನ, ಅದೂ ಗೊತ್ತಾದ ವಿಷಯಕ್ಕೆ, ಗೊತ್ತಾದ ಅವಧಿಗೆ.

ಬೈನಾಬಯಲು: ಕಲಂ ಓದಿದೀನಿ. ಬ್ಯಾಂಕ್ ಕೌಂಟರಿನವರಿಗೆ ನೀವೇ ಓದಿಸಿ.

ಜೋಳದರೊಟ್ಟಿ: ನನ್ನ 2,500ಕ್ಕ ಯಾರೂ ಉತ್ತರ ಕೊಡವಲ್ರಿ. ಎನ್‌ಡಿಐಎಸ್‌ನಾಗ ಲೆಕ್ಕ ತಾವ ನೋಡೋರು ಬಿಲ್ಲು 5 ವರ್ಷ ಕಾಯ್ದಿಡಬೇಕು. ನಿಮ್ಮ ಬ್ಯೂರೋದಾಂವ ಬಿಲ್ಲು ಕೊಡ್ತಾನೇನ್ರಿ? ಕಮಿಷನ್ ಮುರ್ಕೊಂಡು ರೊಕ್ಕ ಕಿಸೇದಾಗ ಹಾಕ್ಕೋತಾನ.

ಲೆಕ್ಕದಪುಸ್ತಕ: ಬಿಲ್ಲು ಬೇಕಂದ್ರೆ ಮಾವಶಿಗೆ ನೇರ ಯುಪಿಐ ಮಾಡಿ. ಬ್ಯೂರೋ ಯಾಕೆ ಬೇಕು?

ಜೋಳದರೊಟ್ಟಿ: ಆಕಿ ಊರಿಗೆ ಹೋದ ದಿನ ಬದಲಿ ಮಾವಶಿನ್ನ ಯುಪಿಐ ಕಳಸ್ತದೇನು?

ನೇತ್ರಾವತಿ: ಅದೆಲ್ಲ ಇರ್ಲಿ. ಬಚ್ಚಲ ಬಾಗಿಲು 24 ಅಂತ ಯಾರು ಹೇಳಿದ್ದು? ಹೊಸ ಬಿಲ್ಡಿಂಗಲ್ಲಿ ಎರಡೂವರೆ ಅಡಿ ಇಡ್ತಾರೆ.

ಗಾಲಿತಂತ್ರ: ಚೌಕಟ್ಟು ಅಳೆದ್ರಾ, ಕದ ತೆರೆದು ಅಳೆದ್ರಾ?