ಹಳೇ ಪದ್ಮಿನಿ ಸೀಟ್ ಫ್ರೇಮ್ ಪೂರ್ತಿ ತುಕ್ಕು, ಉಳಿಸ್ಲಿಕ್ಕೆ ಆಗ್ತದಾ?

ಮಲ್ಪೆ_ಪದ್ಮಿನಿ:
ನಮಸ್ಕಾರ. ಮನೇಲಿ ಎಂಬತ್ತರ ದಶಕದ ಪ್ರೀಮಿಯರ್ ಪದ್ಮಿನಿ ಉಂಟು, ಸ್ಟೇರಿಂಗ್ ಪಕ್ಕ ಗೇರ್ ಇರುವಂಥದ್ದು, ಮುಂದೆ ಬೆಂಚ್ ಸೀಟು. ಇಂಜಿನ್ ಕೆಲಸ ಮುಗ್ದು ಈಗ ಸೀಟ್ ಬಿಚ್ಚಿದ್ರೆ ರೆಕ್ಸಿನ್ ಕೆಳಗೆ ತೆಂಗಿನ ನಾರು ಎಲ್ಲ ಪುಡಿ, ಅದರಡಿ ಪೈಪು ಸ್ಪ್ರಿಂಗು ಕೆಂಪು ಕೆಂಪು. ಮುಂದಿನ ಅಡ್ಡ ಪೈಪಿಗೆ ಸ್ಕ್ರೂಡ್ರೈವರ್ ಒತ್ತಿದ್ರೆ ಒಂದು ಕಡೆ ಒಳಗೇ ಹೋಯ್ತು ಮಾರಾಯ್ರೆ. ಎರಡು ಸ್ಪ್ರಿಂಗ್ ಬೇರೆ ತುಂಡಾಗಿದೆ, ಹಿಂದೆ ಮುಂದೆ ಸರಿಸುವ ರೈಲು ಅಲ್ಲಾಡುದೇ ಇಲ್ಲ. ಕುಶನ್ ಅಂಗಡಿಯವರು "ರೆಡ್ ಆಕ್ಸೈಡ್ ಹೊಡ್ದು ಮೇಲೆ ಫೋಮ್ ಹಾಕುವ, ಯಾರಿಗೆ ಕಾಣ್ತದೆ" ಅಂತಾರೆ. ಒಬ್ಬ ಫ್ರೆಂಡು ವಿನೆಗರಲ್ಲಿ ಮುಳುಗಿಸು ಅಂತಾನೆ, ಇನ್ನೊಬ್ಬ ಸೀದ ಪೌಡರ್ ಕೋಟಿಂಗ್ ಅಂತಾನೆ. ಮನೆ ಸಮುದ್ರದ ಹತ್ರ, ಇಲ್ಲಿಯ ಉಪ್ಪುಗಾಳಿ ನಿಮಗೆ ಗೊತ್ತೇ ಉಂಟು. ಎಂತ ಮಾಡುದು?

ಗ್ಯಾರೇಜ್_ಬೆಂಗ್ಳೂರು:
ಆ ಕುಶನ್ ಅಂಗಡಿಯವ್ರ ಮಾತು ಮಾತ್ರ ಕೇಳ್ಬೇಡಿ. ಪದರ ಪದರವಾಗಿ ಎದ್ದಿರೋ ತುಕ್ಕಿನ ಮೇಲೆ ರೆಡ್ ಆಕ್ಸೈಡ್ ಹೊಡೆದ್ರೆ ಅದು ಹಿಡ್ಕೊಳೋದು ತುಕ್ಕನ್ನ, ಕಬ್ಬಿಣನಲ್ಲ, ಒಂದು ಮಳೆಗಾಲಕ್ಕೆ ಸಿಪ್ಪೆ ಥರ ಎದ್ದು ಬರುತ್ತೆ. ಮೊದ್ಲು ಬಿಚ್ಚೋವಾಗ್ಲೇ ಎಲ್ಲಾ ಕಡೆಯಿಂದ ಫೋಟೋ ತೆಗೀರಿ, ಯಾವ ಸ್ಪ್ರಿಂಗ್ ಯಾವ ತೂತಲ್ಲಿತ್ತು, ರೆಕ್ಸಿನ್ ಎಳೆದು ಕಟ್ಟಿರೋ ತಂತಿ ರಿಂಗ್ ಎಲ್ಲೆಲ್ಲಿತ್ತು ಅಂತ, ಆಮೇಲೆ ನೆನಪಿರಲ್ಲ. ಹಳೇ ರೆಕ್ಸಿನ್ನೂ ಎಸೀಬೇಡಿ, ಹೊಸ ಕವರ್ ಕತ್ತರಿಸೋಕೆ ಅದೇ ಅಳತೆ. ಆಮೇಲೆ ಗ್ರೈಂಡರಿಗೆ ವೈರ್ ಕಪ್ ಬ್ರಷ್ ಹಾಕಿ ಮೇಲಿನ ತುಕ್ಕು ಕೆರೀರಿ, ಕನ್ನಡಕ ಇಲ್ದೆ ಬೇಡ, ಆ ತಂತಿ ಕಿತ್ತು ಬಂದ್ರೆ ಸೂಜಿ ಥರ ಚುಚ್ಚುತ್ತೆ, ಹಳೇ ಪೇಂಟಲ್ಲಿ ಸೀಸ ಇರಬಹುದು ಮಾಸ್ಕೂ ಹಾಕಿ. ಕೆರೆದಾದ್ಮೇಲೆ ಪೈಪ್ ಉದ್ದಕ್ಕೂ ಸಣ್ಣ ಸುತ್ತಿಗೇಲಿ ತಟ್ತಾ ಹೋಗಿ. ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಒಳಗಿಂದ ತಿಂದಿರೋ ಕಡೆ ಸದ್ದು ಸತ್ತಿರುತ್ತೆ. ಎಷ್ಟು ಹೋಗಿದೆ ಅಂತ ಅವಾಗ್ಲೇ ಗೊತ್ತಾಗೋದು.

ವಿನೆಗರ್ ಸಣ್ಣ ಪುಟ್ಟ ಬ್ರಾಕೆಟ್ಟಿಗೆ ಓಕೆ. ಆದ್ರೆ ಸ್ಪ್ರಿಂಗನ್ನ ಯಾವ ಆಸಿಡ್‌ಗೂ ಹಾಕ್ಬೇಡಿ. ಸ್ಪ್ರಿಂಗ್ ಸ್ಟೀಲ್ ಗಡಸು ಜಾಸ್ತಿ, ಆಸಿಡ್ಡಲ್ಲಿ ಹುಟ್ಟೋ ಹೈಡ್ರೋಜನ್ ಒಳಗೆ ಸೇರ್ಕೊಂಡು ಪೆಡಸಾಗಿ, ಕೂತಾಗ ಪಟ್ ಅಂತ ಮುರಿಯೋ ಚಾನ್ಸ್ ಇರುತ್ತೆ. ಅದಕ್ಕೆ ಬ್ರಷ್ಷೇ ಸರಿ.

ಹುಬ್ಬಳ್ಳಿ_ಫ್ಯಾಬ್ರಿಕೇಟರ್:
ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ. ಸ್ಕ್ರೂಡ್ರೈವರ್ ಒಳಗ ಹೋದ ಜಾಗಾಕ್ಕ ಮ್ಯಾಲೆ ತಗಡು ತ್ಯಾಪಿ ಹಚ್ಚಿ ವೆಲ್ಡಿಂಗ್ ಮಾಡಸಬ್ಯಾಡ್ರಿ, ಸುತ್ತಲಿನ ಪೈಪು ತೆಳ್ಳಗಾಗಿರ್ತೈತಿ, ವೆಲ್ಡಿಂಗ್ ಅಂಚಿನಾಗ ಮತ್ತ ಸೀಳತೈತಿ. ಗಟ್ಟಿ ಕಬ್ಬಿಣ ಸಿಗೋತನಾ ಎರಡೂ ಕಡೆ ಕೊಯ್ದು ತಗೀರಿ, ಒಳಗ ಬಿಗಿಯಾಗಿ ಕೂಡೂವಂಥಾ ಸಣ್ಣ ಪೈಪ್ ತೂರಿಸ್ರಿ, ಮ್ಯಾಲೆ ಅದ ಅಳತೀ ಇಆರ್‌ಡಬ್ಲ್ಯು (ಉದ್ದಕ್ಕ ಬೆಸುಗಿ ಹಾಕಿದ ಸ್ಟೀಲ್) ಪೈಪ್ ತುಂಡು ಕೂಡಿಸಿ ವೆಲ್ಡ್ ಮಾಡಿಸ್ರಿ. ಕೊಯ್ಯೂಕಿಂತ ಮೊದಲು ಫ್ರೇಮಿಗೆ ಒಂದು ಕೋನ ಪಟ್ಟಿ ಅಡ್ಡ ಹಚ್ಚಿ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಹಾಕ್ರಿ, ಇಲ್ಲಾಂದ್ರ ಫ್ರೇಮ್ ಸೊಟ್ಟಾಗಿ ನೆಲದ ಬೋಲ್ಟಿನ ತೂತಿಗೆ ಕೂಡಂಗೇ ಇಲ್ಲ. ತೆಳು ಪೈಪಿಗೆ ಮಿಗ್ (ತಂತಿ, ಗ್ಯಾಸಿನ ವೆಲ್ಡಿಂಗ್) ಮಶೀನ್ ಇದ್ದವ್ರ ಕಡೆ ಹೋಗ್ರಿ, ಸಾದಾ ಆರ್ಕ್ ರಾಡಿನಾಗ ತೂತು ಬೀಳತೈತಿ. ಜಿಐ (ಸತುವಿನ ಲೇಪ ಇರೋ) ಪೈಪ್ ಮಾತ್ರ ಬ್ಯಾಡ, ಸತುವಿನ ಹೊಗೀ ಕುಡದ್ರ ರಾತ್ರಿಗೆ ಜ್ವರಾ ಚಳಿ ಬರ್ತಾವ. ಮತ್ತ ಸೀಟು ನೆಲಕ್ಕ ಕೂಡೋ ಬ್ರಾಕೆಟ್ ತಿಂದಿದ್ರ ರಿಪೇರಿ ಮಾತೇ ಬ್ಯಾಡ್ರಿ, ಹೊಸಾದು ಮಾಡಸ್ರಿ. ಬ್ರೇಕ್ ಹೊಡದಾಗ ಮಂದಿ ಭಾರ ಪೂರ್ತಿ ಅದರ ಮ್ಯಾಲೇ ಬರ್ತೈತಿ.

ಮಲ್ಪೆ_ಪದ್ಮಿನಿ:
ಥ್ಯಾಂಕ್ಸ್ ಇಬ್ರಿಗೂ. ಬ್ರಾಕೆಟ್ ಗಟ್ಟಿ ಉಂಟು, ತಟ್ಟಿ ನೋಡಿದೆ. ಬ್ಯಾಟರಿ ಚಾರ್ಜರಲ್ಲಿ ಕರೆಂಟ್ ಕೊಟ್ಟು ತುಕ್ಕು ತೆಗಿತಾರಲ್ಲ, ಅದು ಇಡೀ ಫ್ರೇಮಿಗೆ ಆಗ್ತದಾ?

ಗ್ಯಾರೇಜ್_ಬೆಂಗ್ಳೂರು:
ಬೆಂಚ್ ಸೀಟ್ ಮುಳುಗೋ ಟಬ್ ಎಲ್ಲಿಂದ ತರ್ತೀರಿ 😄 ರೈಲಿಗೆ ಮಾಡಿ, ಚೆನ್ನಾಗಿ ಬರುತ್ತೆ. ಪ್ಲಾಸ್ಟಿಕ್ ಟಬ್ಬಲ್ಲಿ ನೀರು, ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಮೈನಸ್ ನಿಮ್ಮ ರೈಲಿಗೆ, ಪ್ಲಸ್ ಯಾವುದಾದ್ರೂ ಗುಜರಿ ಕಬ್ಬಿಣಕ್ಕೆ. ಸ್ಟೇನ್‌ಲೆಸ್ ಸ್ಟೀಲ್ ಬಳಸ್ಲೇಬೇಡಿ, ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತೆ. ಉಪ್ಪೂ ಬೇಡ, ಕ್ಲೋರಿನ್ ಬರುತ್ತೆ. ಹೈಡ್ರೋಜನ್ ಏಳುತ್ತೆ ಅದಕ್ಕೆ ಬಯಲಲ್ಲಿ ಇಡಿ, ಕೈ ಹಾಕೋ ಮುಂಚೆ ಚಾರ್ಜರ್ ಆಫ್. ಸ್ಪ್ರಿಂಗ್ ಇದಕ್ಕೂ ಹಾಕೋ ಹಾಗಿಲ್ಲ, ಕಾರಣ ಅದೇ. ರೈಲ್ ತೊಳೆದ ತಕ್ಷಣ ಒಣಗಿಸಿ, ನಿಮ್ಮೂರಲ್ಲಿ ಟೀ ಕುಡಿದು ಬರೋಷ್ಟರಲ್ಲಿ ಮತ್ತೆ ಕೆಂಪಾಗಿರುತ್ತೆ. ಅದಕ್ಕೆ ಪೇಂಟ್ ಬೇಡ, ಗ್ರೀಸ್ ಸಾಕು, ಲಾಕ್ ಹಲ್ಲು ಸವೆದಿದ್ಯಾ ಮಾತ್ರ ನೋಡ್ಕೊಳ್ಳಿ.

ಕುಡ್ಲ_ಕಾರ್:
ನಾನೂ ಕರಾವಳಿಯವನೇ. ಪೌಡರ್ ಕೋಟಿಂಗ್ ಒಳ್ಳೇದೇ, ಆದರೆ ಅದು ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯುವಂಥದ್ದು, ಪೈಪಿನ ಒಳಗೆ ಹಳೇ ಎಣ್ಣೆ ಗ್ರೀಸ್ ಇದ್ರೆ ಹೊರಗೆ ಉಕ್ಕಿ ಬಂದು ಗುಳ್ಳೆ ಏಳ್ತದೆ. ಮತ್ತೆ ಒಂದು ಕಡೆ ಸೀಳು ಬಿದ್ರೆ ಉಪ್ಪುನೀರು ಕೋಟಿಂಗ್ ಅಡಿಯಲ್ಲೇ ಹರಡ್ತದೆ, ಹೊರಗೆ ಗೊತ್ತೇ ಆಗುದಿಲ್ಲ. ನನ್ನ ಪ್ರಕಾರ ಸ್ಯಾಂಡ್ ಬ್ಲಾಸ್ಟ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಣ ಹೊಡ್ದು ತುಕ್ಕು ತೆಗಿಯುದು) ಮಾಡಿಸಿ ಅದೇ ದಿನ ಎಪಾಕ್ಸಿ ಪ್ರೈಮರ್, ಮೇಲೆ ಕಪ್ಪು ಪಿಯು (ಪಾಲಿಯುರೆಥೇನ್) ಪೇಂಟ್. ಮುಂದೆ ಗೀಚಿದ್ರೆ ಮನೆಯಲ್ಲೇ ಟಚಪ್ ಮಾಡ್ಬಹುದು. ವೆಲ್ಡಿಂಗ್ ಎಲ್ಲ ಮೊದಲು, ಪೇಂಟ್ ಆಮೇಲೆ, ಕೊನೆಗೆ ಪೈಪಿನ ಒಳಗೆ ಸಣ್ಣ ನಳಿಗೆಯಲ್ಲಿ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ). ಪೂರ್ತಿ ಸೋರಿ ಒಣಗಿದ ಮೇಲೆಯೇ ಫೋಮ್ ಹಾಕಿ, ಇಲ್ಲದಿದ್ರೆ ಹೊಸ ಬಟ್ಟೆಗೆ ಕಲೆ. ಸ್ಪ್ರಿಂಗ್ ಝಿಗ್‌ಝಾಗ್ ಥರದ್ದಾದ್ರೆ ಸೋಫಾ ಮಾಡುವವರ ಹತ್ರ ಕೇಳಿ, ತಂತಿ ದಪ್ಪ ಹಳೇದಕ್ಕೆ ಹೊಂದ್ಬೇಕು.

ತೆಂಗಿನ ನಾರು ವಾಪಸ್ ಹಾಕ್ಬೇಕು ಅಂತ ಹಟ ಉಂಟಾ? ಒರಿಜಿನಲ್ ಅಂತ ಕೆಲವರಿಗೆ ಅದೇ ಬೇಕು, ಆದ್ರೆ ಅದು ಒಮ್ಮೆ ಒದ್ದೆಯಾದ್ರೆ ಬೇಗ ಒಣಗುದಿಲ್ಲ, ನಾನಾದ್ರೆ ಪಿಯು ಫೋಮೇ ಹಾಕ್ತೇನೆ. ಮತ್ತೆ ಸೀಟ್ ಹೊರಗೆ ಇರುವಾಗಲೇ ಮ್ಯಾಟ್ ಎತ್ತಿ ನೆಲ ನೋಡಿ, ಮುಂದಿನ ಗಾಜಿನ ರಬ್ಬರ್ ಮೇಲೆ ಪೈಪಲ್ಲಿ ನೀರು ಬಿಟ್ಟು ನೋಡಿ. ಮುಂದಿನ ಪೈಪೇ ಹೋಗಿದೆ ಅಂದ್ರೆ ನೀರು ಬಹುಶಃ ಅಲ್ಲಿಂದಲೇ ಇಳೀತಾ ಇರ್ಬೇಕು.

ಮಲ್ಪೆ_ಪದ್ಮಿನಿ:
ಈಗಷ್ಟೇ ನೀರು ಬಿಟ್ಟೆ, ಎಡಬದಿ ಮೂಲೆಯಿಂದ ಇಳೀತಾ ಉಂಟು. ಮೊದಲು ರಬ್ಬರ್ ಹುಡುಕ್ತೇನೆ. ಉಡುಪಿ ಸೈಡ್ ಸ್ಯಾಂಡ್ ಬ್ಲಾಸ್ಟ್ ಮಾಡುವವರು ಗೊತ್ತಿದ್ರೆ ಮೆಸೇಜ್ ಹಾಕಿ.