ಕೋಳಿಮರಿಗಳಲ್ಲಿ ಹೆಣ್ಣು ಗಂಡು ಗುರುತಿಸುವುದು: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಅರಸೀಕೆರೆಯ ಸದಸ್ಯರು: ಡಾಕ್ಟರ್ ಸಾರ್, ನಮಸ್ಕಾರ. ನಮ್ಮ ನಾಟಿ ಹೇಂಟೆ ನಿನ್ನೆ ಮರಿ ಮಾಡಿದೆ. ರೆಕ್ಕೆಯ ಗರಿ ಉದ್ದವಿದ್ದರೆ ಹೆಣ್ಣು ಎನ್ನುತ್ತಾರೆ. ನಿಜವೇ?

ಪಶುವೈದ್ಯರು: ನಮಸ್ಕಾರ. ಬೇಗ ಗರಿ ಬರುವ ಹುಂಜವನ್ನು ನಿಧಾನವಾಗಿ ಗರಿ ಬರುವ ಹೇಂಟೆಯೊಂದಿಗೆ ಕೂಡಿಸಿ ಪಡೆದ ಹ್ಯಾಚರಿ ಮರಿಗಳಲ್ಲಿ ಮಾತ್ರ, ಅದೂ ಮೊದಲ ಒಂದೆರಡು ದಿನ, ಈ ಗುರುತು ನಂಬಬಹುದು. ನಾಟಿಯಲ್ಲಿ ಅಂಥ ಆಯ್ಕೆ ನಡೆದಿರುವುದಿಲ್ಲ. ಆರರಿಂದ ಎಂಟು ವಾರ ಕಾಯಿರಿ. ಗಂಡಿನ ಜುಟ್ಟು ಸಾಮಾನ್ಯವಾಗಿ ಮೊದಲು ಬೆಳೆದು ಕೆಂಪೇರುತ್ತದೆ.

ಮೂಡಿಗೆರೆಯ ಸದಸ್ಯರು: ಚೂಪು ಮೊಟ್ಟೆಯಿಂದ ಹುಂಜ, ಉರುಟು ಮೊಟ್ಟೆಯಿಂದ ಹೇಂಟೆ ಎಂಬ ಸಂದೇಶ ಬಂದಿದೆ. ಕಾವಿಗೆ ಇಡುವಾಗಲೇ ಆರಿಸಬಹುದಲ್ಲವೇ?

ಪಶುವೈದ್ಯರು: ಆಗುವುದಿಲ್ಲ. ಕೋಳಿಯಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯ ಕಡೆಯಿಂದ, ಮೊಟ್ಟೆಯ ಹಳದಿ ಭಾಗವು ಅಂಡಾಶಯದಿಂದ ಬಿಡುಗಡೆಯಾಗುವ ಹೊತ್ತಿಗೇ ನಿರ್ಧಾರವಾಗಿರುತ್ತದೆ. ಚಿಪ್ಪು ಕಟ್ಟುವುದು ಆಮೇಲೆ.

ಬೇಲೂರಿನ ಸದಸ್ಯೆ: ಸಾರ್, ಎಲ್ಲವೂ ಹೆಣ್ಣು ಎಂದು ಹೇಳಿದ್ದರಿಂದ ಸಂತೆಯಲ್ಲಿ ಐವತ್ತು ಮರಿಗಳನ್ನು ಅಗ್ಗಕ್ಕೆ ತಂದೆವು. ಅನುಮಾನ ಬಂದು, ವಿಡಿಯೊ ನೋಡಿ, ಮೊನ್ನೆ ಒಂದೊಂದರ ಗುದದ್ವಾರವನ್ನೂ ಒತ್ತಿ ಬಿಡಿಸಿ ನೋಡಿದೆವು. ಈಗ ಕೆಲವು ಮರಿಗಳ ಹೊಟ್ಟೆ ಊದಿದೆ, ಹೊಕ್ಕುಳು ಒದ್ದೆಯಾಗಿದೆ. ಎರಡು ಸತ್ತವು.

ಪಶುವೈದ್ಯರು: ಅಮ್ಮಾ, ಇನ್ನೊಂದು ಮರಿಯನ್ನೂ ಒತ್ತಬೇಡಿ. ಮೊಟ್ಟೆಯಿಂದ ಹೊರಬರುವ ಮರಿಯ ಹೊಟ್ಟೆಯೊಳಗೆ ಉಳಿದ ಹಳದಿಯ ಚೀಲ ಇರುತ್ತದೆ, ಮೊದಲ ದಿನಗಳಲ್ಲಿ ಮರಿಗೆ ಅದೂ ಆಹಾರ. ಹೆಬ್ಬೆರಳಿನ ಒತ್ತಡಕ್ಕೆ ಆ ಚೀಲ ಒಡೆಯಬಹುದು, ಕರುಳಿಗೂ ಪೆಟ್ಟಾಗಬಹುದು. ಹೊಕ್ಕುಳು ಸರಿಯಾಗಿ ಮುಚ್ಚದ ಮರಿಗೆ ಅಲ್ಲಿಂದಲೇ ಸೋಂಕು ಒಳಹೋಗುತ್ತದೆ. ನೀವು ಹೇಳಿದ ಲಕ್ಷಣಗಳು ಹ್ಯಾಚರಿಯ ಕೊಳಕಿನಿಂದ ಬಂದ ಹೊಕ್ಕುಳಿನ ಸೋಂಕಿನಲ್ಲಿಯೂ ಕಾಣುತ್ತವೆ. ಆದ್ದರಿಂದ ಸತ್ತ ಮರಿಗಳನ್ನು ಮಂಜುಗಡ್ಡೆಯ ನಡುವೆ ಇಟ್ಟು ಇಂದೇ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಕಾಯಿಲೆಯ ಮರಿಗಳನ್ನು ಬೇರೆ ಮಾಡಿ, ಹಾಸನ್ನು ಬದಲಿಸಿ ಒಣಗಿದ್ದನ್ನೇ ಹಾಕಿ; ಮೊದಲ ವಾರ ಮರಿಗಳ ಎತ್ತರದಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು, ಮಲೆನಾಡಿನ ಅಂಚಿನ ನಿಮ್ಮ ಚಳಿಯಲ್ಲಿ ರಾತ್ರಿ ಬಲ್ಬು ಆರಬಾರದು. ಔಷಧದ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಅಂದಾಜಿನಲ್ಲಿ ಹಾಕಬೇಡಿ.

ಒತ್ತಿ ನೋಡುವ ಆ ವಿಧಾನ ಸುಳ್ಳಲ್ಲ. 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ರೂಪಿಸಿದರು. ಮರಿ ಹೊರಬಂದ ಮೊದಲ ದಿನದೊಳಗೆ, ಪ್ರಖರ ಬೆಳಕಿನಲ್ಲಿ, ಗುದದ್ವಾರದ ಒಳಗಿನ ಅತಿ ಸಣ್ಣ ಉಬ್ಬನ್ನು ನೋಡಬೇಕು. ಕೆಲವು ಹೆಣ್ಣುಮರಿಗಳಲ್ಲಿಯೂ ಉಬ್ಬು ಇರುವುದರಿಂದ ದೀರ್ಘ ತರಬೇತಿಯಿಲ್ಲದ ಕಣ್ಣಿಗೆ ಅದು ತಿಳಿಯುವುದಿಲ್ಲ. ಮೊಟ್ಟೆ ತಳಿಯ ಹೆಣ್ಣುಮರಿಗಳನ್ನು ಆರಿಸಿಕೊಂಡ ಮೇಲೆ ಹ್ಯಾಚರಿಗಳಲ್ಲಿ ಉಳಿಯುವ ಗಂಡುಮರಿಗಳೇ ಬೀದಿಯಲ್ಲಿ ಅಗ್ಗಕ್ಕೆ ಬರುವುದು ಹೆಚ್ಚು. ನಿಮ್ಮವೂ ಅವೇ ಇರಬಹುದು.

ಕಡೂರಿನ ಸದಸ್ಯರು: ಗಿರಿರಾಜ ತಳಿಯ ಕೋಳಿಮರಿಗಳು ನಮ್ಮ ಕಡೆ ಎಲ್ಲಿ ಸಿಗುತ್ತವೆ?

ಮೂಡಿಗೆರೆಯ ಸದಸ್ಯರು: ಡಾಕ್ಟರೇ, ನಮ್ಮ ಅಜ್ಜಿ ಮೊಟ್ಟೆ ನೋಡಿಯೇ ಹುಂಜ ಯಾವುದೆಂದು ಹೇಳುತ್ತಿದ್ದರು.

ಚನ್ನರಾಯಪಟ್ಟಣದ ಸದಸ್ಯರು: ಸುಮಾರಾಗಿ ಅರ್ಧ ಗಂಡು, ಅರ್ಧ ಹೆಣ್ಣು ಹುಟ್ಟುವಲ್ಲಿ ಯಾರು ಏನು ಹೇಳಿದರೂ ಅರ್ಧ ಸರಿಯಾಗುತ್ತದೆ. ಚೂಪು ಮೊಟ್ಟೆಗಳನ್ನಷ್ಟೇ ಕಾವಿಗೆ ಇಟ್ಟು, ಎರಡು ತಿಂಗಳ ನಂತರ ಎಣಿಸಿ ಹೇಳಿ.

ಮೂಡಿಗೆರೆಯ ಸದಸ್ಯರು: ಹಿರಿಯರನ್ನು ಸುಳ್ಳರೆನ್ನುವ ಅಧಿಕಾರವನ್ನು ನಿಮಗೆ ಯಾರೂ ಕೊಟ್ಟಿಲ್ಲ.

ಚನ್ನರಾಯಪಟ್ಟಣದ ಸದಸ್ಯರು: ನಾನು ನಿಮ್ಮ ಅಜ್ಜಿಯ ಬಗ್ಗೆ ಮಾತನಾಡಿಲ್ಲ. ಒಮ್ಮೆಯೂ ಪರೀಕ್ಷಿಸದೆ ಸಂದೇಶ ಹಂಚುವ ನಿಮ್ಮ ಬಗ್ಗೆ ಮಾತನಾಡಿದ್ದೇನೆ.

ಹೊಳೆನರಸೀಪುರದ ಸದಸ್ಯರು: ಸಾರ್, ನಾಟಿ ಮರಿಯ ರೆಕ್ಕೆ ನೋಡಿ ಹೆಣ್ಣು ಗಂಡು ಹೇಳಬಹುದೇ?

ಪಶುವೈದ್ಯರು: ಇಲ್ಲ. ಮೇಲೆ ಬರೆದಿದ್ದೇನೆ.

ಆಲೂರಿನ ಸದಸ್ಯರು: ಕತ್ತಿನ ಚರ್ಮ ಹಿಡಿದು ಎತ್ತಿದಾಗ ಕಾಲು ಮಡಚಿದರೆ ಗಂಡು, ಇಳಿಬಿಟ್ಟರೆ ಹೆಣ್ಣು ಎಂಬುದು ಎಲ್ಲ ಗುಂಪುಗಳಲ್ಲಿಯೂ ಬಂದಿದೆ.

ಪಶುವೈದ್ಯರು: ಎಲ್ಲ ಗುಂಪುಗಳಲ್ಲಿ ಬಂದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಹೆದರಿದ ಮರಿ ಹೇಗೆ ಬೇಕಾದರೂ ಒದೆಯುತ್ತದೆ. ದಾರಕ್ಕೆ ಉಂಗುರ ಕಟ್ಟಿ ಮೊಟ್ಟೆಯ ಅಥವಾ ಮರಿಯ ಮೇಲೆ ತೂಗಾಡಿಸಿ ಹೆಣ್ಣು ಗಂಡು ಹೇಳುವುದೂ ಅಷ್ಟೇ ವ್ಯರ್ಥ. ಅದನ್ನು ಕೇಳಬೇಕೆಂದಿರುವವರು ಇದನ್ನೇ ಉತ್ತರವೆಂದು ತಿಳಿಯಿರಿ. ಬೇಲೂರಿನಲ್ಲಿ ಮರಿಗಳು ಸಾಯುತ್ತಿರುವುದು ಇಂಥದೇ ಒಂದು ವಿಡಿಯೊದಿಂದ ಇರಬಹುದು ಎಂಬುದನ್ನು ಓದಿದ ಮೇಲೂ ನೀವು ಇದನ್ನು ಇಲ್ಲಿ ಹಾಕಿದ್ದು ನನಗೆ ನೋವು ತಂದಿದೆ.

ಕೊಪ್ಪದ ಸದಸ್ಯೆ: ಬಾತುಕೋಳಿ ಮರಿಗಳಿಗೂ ಇದೇ ನಿಯಮವೇ?

ಮೂಡಿಗೆರೆಯ ಸದಸ್ಯರು: ಚನ್ನರಾಯಪಟ್ಟಣದವರು ಮೊದಲು ಕ್ಷಮೆ ಕೇಳಬೇಕು.

ಬೇಲೂರಿನ ಸದಸ್ಯೆ: ಸಾರ್, ಮನೆಯವರು ಸತ್ತ ಮರಿಗಳನ್ನು ತೆಗೆದುಕೊಂಡು ಹಾಸನಕ್ಕೆ ಹೊರಟಿದ್ದಾರೆ. ಇನ್ನೊಂದು ಮರಿ ಮೇವು ಮುಟ್ಟುತ್ತಿಲ್ಲ.

ಪಶುವೈದ್ಯರು: ಅದನ್ನೂ ಬೆಚ್ಚಗಿಟ್ಟು ಜೊತೆಗೇ ಕಳುಹಿಸಿ. ಉಳಿದವರು ಸ್ವಲ್ಪ ಹೊತ್ತು ಇಲ್ಲಿ ಬರೆಯಬೇಡಿ, ಇವರ ಸಂದೇಶಗಳು ನನ್ನ ಕಣ್ಣಿಗೆ ಬೀಳಬೇಕು.